ಬೆರಳು ಮೊದಲು, ಸ್ವರ ಆಮೇಲೆ

ಬೈಲಹೊಂಗಲದಲ್ಲಿ ನನ್ನನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ತಪ್ಪು ಅವರದಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಅವನದೇ ದನಿಯಲ್ಲಿ “ಒಳಗ ನಡೀರಿ” ಅನ್ನುತ್ತಿದ್ದವನು ನಾನು. ಮದುವೆಗಳಲ್ಲಿ ಹಾಡುವ ನಮ್ಮ ಸಣ್ಣ ಮೇಳದಲ್ಲಿ ನನ್ನ ಕೆಲಸವೂ ಅದೇ: ಹಾಡುಗಾರ ನೀರು ಕುಡಿಯುವಷ್ಟು ಹೊತ್ತು ಕತ್ತೆ, ಮೇಕೆ, ತಹಶೀಲ್ದಾರರ ದನಿ ತೆಗೆಯುವುದು. ಆದರೆ ನನ್ನ ಕಣ್ಣು ಮಾತ್ರ ಹಾರ್ಮೋನಿಯಂ ಜಾಗದ ಮೇಲೆ. ಅಲ್ಲಿ ಕೂರುತ್ತಿದ್ದ ಶಾಲೆಯ ಮಾಸ್ತರರು ವರ್ಗವಾಗಿ ಹೋದ ಮೇಲೆ ಆ ಜಾಗ ಖಾಲಿ ಬಿದ್ದಿತ್ತು.

ಪೆನ್ ಡ್ರೈವನ್ನು ಕೊರಳಿಗೆ ತೂಗುಹಾಕಿಕೊಂಡು ಓಡಾಡುವುದೇ ದೊಡ್ಡಸ್ತಿಕೆಯಾಗಿದ್ದ ವರ್ಷಗಳವು. ಹಾಗೆ ಓಡಾಡುತ್ತಿದ್ದವರಲ್ಲಿ ಫೋಟೋ ಸ್ಟುಡಿಯೋದ ಅಣ್ಣನೂ ಒಬ್ಬ. ಮದುವೆ ವಿಡಿಯೋ ಜೋಡಿಸುವ ತನ್ನ ಕಂಪ್ಯೂಟರಿಗೆ ಶಹನಾಯಿ, ಕೊಳಲು, ಪಿಟೀಲು ಎಲ್ಲವನ್ನೂ ನುಡಿಸುವ ಒಂದು ಸಾಫ್ಟ್‌ವೇರ್ ತುಂಬಿಸಿದ್ದ. ಅದಕ್ಕೊಂದು ಕೀಬೋರ್ಡನ್ನೂ ತಂದ. ಮೇಳದ ಖಾಲಿ ಜಾಗದಲ್ಲಿ ಅದನ್ನು ನುಡಿಸಲು ನಾನು ಮುಂದೆ ಬಂದೆ. ಕೀಬೋರ್ಡಿಗೆ ಸ್ವಂತ ದನಿ ಇಲ್ಲ. ಒತ್ತಿದ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುವುದಷ್ಟೇ ಅದರ ಕೆಲಸ.

ಮೇಳದ ಯಜಮಾನ ತಬಲಾ ಕಾಕಾ. ಹಗಲೆಲ್ಲ ಅಂಗಡಿಯಲ್ಲಿ ಹತ್ತಿ ಬಡಿದು ಗಾದಿ ಹೊಲಿಯುವ ಮನುಷ್ಯ. ಕೋಲು ಬಿದ್ದರೂ ತಾಳಕ್ಕೆ ಸರಿಯಾಗಿ ಬೀಳಬೇಕು. ಅವರ ಮುಂದೆ ನಾನು ಮೊದಲ ಸಲ ‘ಸಾ’ ಒತ್ತಿದೆ. ಏನೂ ಬರಲಿಲ್ಲ. ಬೆರಳು ತೆಗೆದೆ. ಆಗ ಬಂತು.

“ಎಲ್ಲಿಗೆ ಹೋಗಿತ್ತೋ ನಿನ್ನ ಸಾ?” ಅಂದರು ಕಾಕಾ. “ಕಿತ್ತೂರಿಗೆ ಹೋಗಿ ಚಹಾ ಕುಡದು ಬಂತೇನು?”

ಅಣ್ಣ ಬಿಡಿಸಿ ಹೇಳಿದ. “ನವಿಲುತೀರ್ಥದ ಡ್ಯಾಮಿನಾಗ ನೀರು ಕೂಡಿಸಿ ಆಮ್ಯಾಲೆ ಕಾಲುವಿಗೆ ಬಿಡ್ತಾರಲ್ರಿ ಕಾಕಾ, ಹಂಗ. ಇದು ಸ್ವರಾನ ಮೊದಲ ಒಂದು ಕೆರಿಯೊಳಗ ಕೂಡಿಸ್ತೈತಿ. ಅದಕ್ಕ ಬಫರ್ ಅಂತಾರ. ಕೆರಿ ತುಂಬಿದ ಮ್ಯಾಲೆ ಸ್ಪೀಕರಿಗೆ ಬಿಡ್ತೈತಿ.”

“ಹಂಗಾರ ಕೆರಿ ಸಣ್ಣದ ಮಾಡು.”

ಅಣ್ಣ ಪರದೆಯ ಮೇಲಿನ ಗುಂಡಿಯನ್ನು ಎಡಕ್ಕೆ ಎಳೆದ. ಸ್ವರ ಬೇಗ ಬಂತು, ಆದರೆ ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಚಟಚಟ ಅನ್ನುತ್ತ ಬಂತು.

“ಕೆರಿ ಬತ್ತಿತ್ರಿ,” ಅಂದ ಅಣ್ಣ.

ಕಾಕಾ ತಬಲಾಕ್ಕೆ ಬಟ್ಟೆ ಹೊದಿಸಿದರು. “ಒಂದೋ ತಡಾ, ಇಲ್ಲಾ ಒಗ್ಗರಣಿ. ಕೇಳಿಲ್ಲಿ, ರಾಮದುರ್ಗದ ಲಗ್ನಕ್ಕ ಇನ್ನ ಒಂದು ತಿಂಗಳೈತಿ. ಅಷ್ಟರಾಗ ನಿನ್ನ ಸ್ವರ ನನ್ನ ತಾಳದ ಮ್ಯಾಲೆ ಬೀಳಲಿಲ್ಲಂದ್ರ ಸವದತ್ತಿಯವರನ್ನ ಕರಸ್ತೇನಿ. ಅವರ ಹತ್ರ ಖರೇ ಹಾರ್ಮೋನಿಯಂ ಪೇಟಿ ಐತಿ. ನೀ ಮ್ಯಾಕಿ ಕೂಗಕೋಂತ ಇರು.”

ಅಣ್ಣ ನೆಟ್ ಕೆಫೆಗಳಲ್ಲಿ ಮದ್ದು ಹುಡುಕತೊಡಗಿದ. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಮಿಮಿಕ್ರಿಯವನ ಉಪಾಯ ಮಾಡಿದೆ. ಎದುರಿನವನ ಮಾತು ಮುಗಿಯುವ ಮೊದಲೇ ಅದನ್ನು ಹಿಡಿಯುವುದು ನನ್ನ ಕಸುಬು. ಹಾಗಾದರೆ ತಾಳ ಬೀಳುವ ಮೊದಲೇ ಕೀಲಿ ಒತ್ತಿದರಾಯಿತಲ್ಲ? ಕೆರೆಯನ್ನು ದೊಡ್ಡದಾಗಿಯೇ ಇರಿಸಿ ತಿಂಗಳಿಡೀ ಸಾಧನೆ ಮಾಡಿದೆ. ಕಾಕಾನ ತಬಲಾದ ಪೆಟ್ಟು ಬೀಳುವ ಹೊತ್ತಿಗೆ ನನ್ನ ಬೆರಳು ಮುಂದಿನ ಸ್ವರದ ಮನೆಗೆ ಹೋಗಿ ಕದ ತಟ್ಟಿರುತ್ತಿತ್ತು. ಕೇಳುವವರಿಗೆ ಮಾತ್ರ ಎಲ್ಲ ಸರಿಯಾಗಿಯೇ ಕೇಳುತ್ತಿತ್ತು. ಕಾಕಾ ತಲೆದೂಗಿದರು. ಈ ಅಭ್ಯಾಸ ಮೈಗೂ ಹತ್ತಿತು: ಜೋಕು ಮುಗಿಯುವ ಮೊದಲೇ ನಗುತ್ತಿದ್ದೆ, ಮುನವಳ್ಳಿ ಬರುವ ಎರಡು ಊರು ಮುಂಚೆಯೇ ಬಸ್ಸಿನಲ್ಲಿ ಎದ್ದು ನಿಲ್ಲುತ್ತಿದ್ದೆ.

ಲಗ್ನದ ದಿನ ಕಂಪ್ಯೂಟರನ್ನು ಕಾಕಾನ ಎರಡು ಹೊಸ ಗಾದಿಗಳ ನಡುವೆ ಮಲಗಿಸಿ ಟೆಂಪೋದಲ್ಲಿ ರಾಮದುರ್ಗಕ್ಕೆ ಒಯ್ದೆವು. ಮಧ್ಯಾಹ್ನ ಮದುಮಗಳು ಮಂಟಪಕ್ಕೆ ಬರುವಾಗ ಶಹನಾಯಿ ಶುರುವಾಗಬೇಕು. ನಾನು ಎಂದಿನಂತೆ ಮುಂಚೆ ಒತ್ತಿದೆ.

ಶಹನಾಯಿ ಒತ್ತಿದ ಕೂಡಲೇ ಬಂತು. ಮದುಮಗಳು ಇನ್ನೂ ಬಾಗಿಲಲ್ಲೇ ಇದ್ದಳು. ಹಾಡುಗಾರ ಗಾಬರಿಯಿಂದ ಬಾಯಿ ತೆರೆದ, ತೆರೆದೇ ಉಳಿದ. ಮುಂದಿನ ಸ್ವರವೂ ಮುಂಚೆ, ಅದರ ಮುಂದಿನದೂ ಮುಂಚೆ. ಬೆರಳುಗಳನ್ನು ತಡೆಯಲು ನೋಡಿದೆ. ಅವು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಕಾಕಾ ತಬಲಾ ನಿಲ್ಲಿಸದೆ ಬಗ್ಗಿ ಹೇಳಿದರು: “ಮೊದಲೆಲ್ಲಾ ಬಸ್ ಹ್ವಾದ ಮ್ಯಾಲೆ ಬರತಿದ್ದಿ. ಇವತ್ತ ಬಸ್‌ಸ್ಟ್ಯಾಂಡ್ ಕಟ್ಟೂಕಿಂತ ಮೊದಲ ಬಂದು ಕುಂತೀಯಲ್ಲೋ.”

ಸ್ಟುಡಿಯೋದ ಅಣ್ಣನ ಕಡೆ ನೋಡಿದೆ. ಅವನ ಮುಖ ಅರಳಿತ್ತು. “ಮುಂಜಾನೆ ಕಂಪ್ಯೂಟರಿಗೆ ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕೇನಿ,” ಅಂತ ಪಿಸುಗುಟ್ಟಿದ. “ಸುತ್ತಬಳಸಿ ಹೋಗೂದಿಲ್ಲ, ಸ್ವರ ನೇರ ಸೌಂಡ್ ಕಾರ್ಡಿಗೆ. ಒಗ್ಗರಣಿನೂ ಇಲ್ಲ. ನಿನಗ ಸರ್‌ಪ್ರೈಜ್ ಅಂತ ಹೇಳಲಿಲ್ಲ.”

“ತಗೀರಿ ಅಣ್ಣಾ ಅದನ್ನ. ಹಳೇದು ಹಾಕ್ರಿ.”

“ಇಷ್ಟು ಚಂದ ಮಾಡೇನಿ, ಮತ್ತ ಕೆಡಸಬೇಕೇನು?”

“ಕೆಡಸ್ರಿ. ಲಗೂನ ಕೆಡಸ್ರಿ.”

ಅವನು ಕೆಡಿಸುವಷ್ಟು ಹೊತ್ತು ನಾನು ಮೈಕ್ ಹಿಡಿದು, ಆಗತಾನೆ ಕೇಳಿಸಿಕೊಂಡಿದ್ದ ಹುಡುಗನ ಸೋದರಮಾವನ ದನಿಯಲ್ಲಿ “ಯಾರೂ ಊಟಾ ಬಿಟ್ಟು ಹೋಗಬ್ಯಾಡ್ರಿ, ಬದನಿಕಾಯಿ ಪಲ್ಯಾ ಭಾಳ ಉಳದೈತಿ” ಅಂದೆ. ಜನ ನಕ್ಕರು. ಸೋದರಮಾವನೂ ನಕ್ಕ, ಆಮೇಲೆ ಅದು ತನ್ನ ದನಿಯೆಂದು ತಿಳಿದು ನಿಲ್ಲಿಸಿದ. ಅಷ್ಟರಲ್ಲಿ ಹಳೆಯ ಡ್ರೈವರ್ ಬಂತು, ಹಳೆಯ ತಡವೂ ಬಂತು. ಮುಂಚೆ ಒತ್ತಿದೆ, ಶಹನಾಯಿ ಸರಿಯಾಗಿ ತಾಳದ ಮೇಲೆ ಬಿತ್ತು.

ವಾಪಸು ಬರುವಾಗ ಕಾಕಾ ಸವದತ್ತಿಯ ಚಹಾದಂಗಡಿಯ ಮುಂದೆ ಟೆಂಪೋ ನಿಲ್ಲಿಸಿದರು. ಅಲ್ಲಿ ನನ್ನಿಂದ ಎಲ್ಲವನ್ನೂ ಬಾಯಿ ಬಿಡಿಸಿದರು.

“ಅಂದ್ರ ತಿಂಗಳಿಂದ ನೀ ನನ್ನ ಜೋಡಿ ಬಾರಿಸೇ ಇಲ್ಲ,” ಅಂದರು. “ನನ್ನ ತಾಳ ಕೇಳಲಾರದ ಊಹಿಸಿ ಬಾರಿಸೀದಿ.”

ಸವದತ್ತಿಯ ಪೇಟಿಯವರ ಮನೆ ಇದೇ ಊರಲ್ಲಿದೆ ಎಂಬುದು ನನಗೆ ಆಗಲೇ ಹೊಳೆದದ್ದು.

ಕಾಕಾ ಸಾಸರಿಗೆ ಸುರಿದು ಚಹಾ ಮುಗಿಸಿದರು. “ತಪ್ಪು ಊಹಿಸಿಲ್ಲ, ಅದೊಂದು ಐತಿ. ಜಾಗಾ ನಿಂದ. ಆದ್ರ ಕೂಸಿಗೆ ಹಾಲು ಬಿಡಿಸಿದಂಗ ಬಿಡಿಸಬೇಕಾಗೇತಿ ಈ ಚಟಾನ.”

ಬಿಡಿಸಿದರು. ಗಾದಿ ಅಂಗಡಿಯಲ್ಲಿ ಕೀಬೋರ್ಡಿನ ಮುಂದೆ ನಾನು, ಹತ್ತಿಯ ಮುಂದೆ ಅವರು. ಅಣ್ಣ ಪ್ರತಿ ಸೋಮವಾರ ಕೆರೆಯನ್ನು ಸ್ವಲ್ಪ ಕಿರಿದು ಮಾಡುವುದು. ನನ್ನ ಬೆರಳು ಅಷ್ಟೇ ಹಿಂದೆ ಸರಿಯಬೇಕು. ಒಗ್ಗರಣೆ ಶುರುವಾಗುವ ಹಂತಕ್ಕೆ ಬಂದಾಗ ಅವನ ಹೊಸ ಡ್ರೈವರಿಗೆ ದಾಟಿದೆವು. ಆ ದಿನ ಅವನು ಪೇಢೆ ಹಂಚಿದ. ಕಾಕಾನ ಕೋಲು ಹತ್ತಿಯ ಮೇಲೆ ಬಿತ್ತು. ಒತ್ತಿದೆ, ಸ್ವರವೂ ಅಲ್ಲೇ ಬಿತ್ತು. ಮತ್ತೆ ಬಿತ್ತು. ಮೂಗಿನ ಮೇಲಿನ ಹತ್ತಿ ಒರೆಸಿಕೊಂಡು ಕಾಕಾ ನನ್ನ ಕಡೆ ತಿರುಗಿದರು.

“ಈಗ ನೀ ಚಹಾ...”

“ಹೂಂ, ಕುಡೀತೇನ್ರಿ ಕಾಕಾ.”

“ಬೆರಳು ಸುದ್ದ ಆದುವು,” ಅಂದರು ಅವರು, ಮತ್ತೆ ಕೋಲು ಎತ್ತಿಕೊಂಡು. “ಬಾಯಿ ಇನ್ನಾ ಹಳೇ ಡ್ರೈವರ್ ಮ್ಯಾಲೆ ಐತಿ.”