ದೊಡ್ಡಮ್ಮ ಎಂಬ ತಳಿ

ತಳಿತೋಟದಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ನಾಲಿಗೆ ಹರಿತವೆಂದಲ್ಲ, ಅವಳ ಮಾತೇ ಕಡಿಮೆ. ಬಳ್ಳಿ ಸವರುವ ಕತ್ತರಿ ಸೊಂಟದ ಚರ್ಮದ ಚೀಲದಲ್ಲಿ ಸದಾ ಇರುತ್ತಿತ್ತು, ಊಟಕ್ಕೆ ಕೂತಾಗಲೂ.

ಅದು ಹಣ್ಣು ಮಾರುವ ತೋಟವಲ್ಲ. ದ್ರಾಕ್ಷಿಯ ಹಳೆಯ ತಳಿಗಳು ನಶಿಸಿಹೋಗದಿರಲೆಂದು ಎಲ್ಲೆಲ್ಲಿಂದಲೋ ತಂದು, ತಂತಿಗೆ ಹಬ್ಬಿಸಿ ಕಾಪಾಡುವ ಸರ್ಕಾರಿ ಜಾಗ. ಯಾರೂ ಬೆಳೆಯದ, ಯಾರೂ ಕೇಳದ ತಳಿಗಳೇ ಅಲ್ಲಿ ಹೆಚ್ಚು. ಪ್ರತಿ ಬಳ್ಳಿಯ ಬುಡದಲ್ಲೂ ಹೆಸರು ಕೊರೆದ ಒಂದು ತಗಡು. ಕೆಂಪು ವೈನಿನ ತಳಿಗಳ ಸಾಲಿನ ತುದಿಯಲ್ಲಿದ್ದ ಬಳ್ಳಿಯ ತಗಡಿನ ಮೇಲೆ ‘ದೊಡ್ಡಮ್ಮ’ ಎಂದಿತ್ತು.

“ಏನಕ್ಕ, ದೊಡ್ಡಮ್ಮನ ಜಡೆ ಕತ್ತರಿಸಿದ್ದಾಯ್ತಾ?” ಎಂದು ಟ್ರ್ಯಾಕ್ಟರಿನವನು ಪ್ರತಿ ಚಳಿಗಾಲ ಕೇಳುತ್ತಿದ್ದ.

“ಆಯ್ತು. ಇನ್ನು ನಿನ್ನ ಮೀಸೆ ಬಾಕಿ,” ಎಂದು ಅವಳು ಪ್ರತಿ ಚಳಿಗಾಲ ಹೇಳುತ್ತಿದ್ದಳು. ಕೆಲವು ದಿನ ಅವಳು ಆಡಿದ ಮಾತು ಅಷ್ಟೇ.

ಹೆತ್ತವರಿಬ್ಬರೂ ಒಂದೇ ವರ್ಷ ತೀರಿಹೋದಾಗ ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ಕರೆದುಕೊಂಡು ಹೋಗಿ ಸಾಕಿದಳು. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದು ಬಾಡಿಗೆ ಮನೆ. ಹಿತ್ತಲು ಎಂದರೆ ಗೋಡೆಗೂ ಗೋಡೆಗೂ ನಡುವಿನ ಒಂದು ಸೀಳು. ಅದರಲ್ಲೊಂದು ದ್ರಾಕ್ಷಿ ಬಳ್ಳಿ. ಆ ಮನೆಯ ಬಗ್ಗೆ ಅವಳಿಗಿದ್ದ ಮೊದಲ ನೆನಪೇ ಬಳ್ಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ದೊಡ್ಡಮ್ಮ ಹೇಳಿದ ಮಾತು: “ನೋಡು ಮಗಳೇ, ಇಂಥ ಬಳ್ಳಿ ಪ್ರಪಂಚದಲ್ಲಿ ಇದೊಂದೇ ಇರೋದು. ನೀನು ನೀರು ಹಾಕ್ಲಿಲ್ಲ ಅಂದ್ರೆ ಇದರ ವಂಶವೇ ಮುಗೀತು.”

ಅವಳು ನೀರು ಹಾಕಿದಳು. ಜ್ವರ ಬಂದಾಗಲೂ ಎದ್ದು ಹೋಗಿ ಹಾಕಿದಳು. ಹಣ್ಣೇನೋ ತಿನ್ನುವಂಥದ್ದಲ್ಲ. ಕಪ್ಪಗೆ, ಪುಟ್ಟದಾಗಿ, ಬಾಯಿಗಿಟ್ಟರೆ ಬರೀ ಬೀಜ, ಸಿಪ್ಪೆ, ಹುಳಿ. ದೊಡ್ಡಮ್ಮ ಅದನ್ನು ಕಿವುಚಿ ಜಾಡಿಗೆ ತುಂಬಿ ವೈನ್ ಮಾಡುತ್ತಿದ್ದಳು. ಕುಡಿದ ನೆರೆಯವರು ಮುಖ ಕಿವುಚಿ, “ಔಷಧಿ ಚೆನ್ನಾಗಿದೆ,” ಎನ್ನುತ್ತಿದ್ದರು.

ತಳಿತೋಟದಲ್ಲಿ ಆಳು ಬೇಕೆಂದು ತಿಳಿದಾಗ ಅವಳು ಸೇರಿಕೊಂಡದ್ದೂ ಆ ಬಳ್ಳಿಯಿಂದಲೇ. ಬಳ್ಳಿ ಬಿಟ್ಟರೆ ಬೇರೇನೂ ಅವಳಿಗೆ ಗೊತ್ತಿರಲಿಲ್ಲ. ದೊಡ್ಡಮ್ಮ ತೀರಿಹೋದ ಮೇಲೆ ಮನೆಯ ಮಾಲೀಕ ಕಟ್ಟಡ ಕೆಡವಲು ಹೊರಟ. ಅವಳು ಹೋಗಿ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು. ಆಗಿನ ಸಾಹೇಬರು ತಳಿಯ ಹೆಸರು ಕೇಳಿದರು. “ದೊಡ್ಡಮ್ಮನ ಬಳ್ಳಿ ಸಾರ್,” ಎಂದಳು. ಅವರು ಅದನ್ನೇ ಕೊರೆಸಿದರು.

ದೊಡ್ಡಮ್ಮನಿಗೆ ಒಬ್ಬ ಮಗ. ಅವನನ್ನು ಇವಳು ಅಣ್ಣ ಎನ್ನುತ್ತಿದ್ದಳು. ಮದುವೆಯಾಗಿ ಬೇರೆ ಊರು ಸೇರಿದ್ದ. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತೇನೋ. ಫೋನು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಅವಳು ಮದುವೆಯಾಗಲಿಲ್ಲ. ಉಗ್ರಾಣದ ಹಿಂದಿನ ಕೋಣೆಯನ್ನು ತೋಟದವರೇ ಕೊಟ್ಟಿದ್ದರು. ಒಂದು ಮಂಚ, ಒಂದು ಒಲೆ, ಬಳ್ಳಿಸಾಲಿಗೆ ತೆರೆಯುವ ಕಿಟಕಿ, ಎಷ್ಟು ಗುಡಿಸಿದರೂ ಹೋಗದ, ಬಳ್ಳಿಗೆ ಹೊಡೆಯುವ ಗಂಧಕದ ವಾಸನೆ. ರಜೆಯ ದಿನ ಅವಳು ಬೇಗ ಎದ್ದು, ಮಾಡಲು ಏನೂ ಇಲ್ಲವೆಂದು ನೆನಪಾಗಿ ಮಂಚದ ಅಂಚಿನಲ್ಲಿ ಸುಮ್ಮನೆ ಕೂತಿರುತ್ತಿದ್ದಳು.

ಸಾಹೇಬರ ಜಾಗಕ್ಕೆ ಹೊಸದಾಗಿ ಬಂದ ಮೇಡಂ ಎಲ್ಲ ಬಳ್ಳಿಗಳ ಎಲೆಗಳನ್ನೂ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬಂದ ಮೇಲೆ ಅವಳನ್ನು ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಕುರ್ಚಿ ಕೊಟ್ಟಾಗಲೇ ಸುದ್ದಿ ಒಳ್ಳೆಯದಲ್ಲವೆಂದು ಅವಳು ತಿಳಿದುಕೊಂಡಳು.

“ಅಕ್ಕ, ನಿಮ್ಮ ದೊಡ್ಡಮ್ಮ ಬೇರೆ ತಳಿ ಅಲ್ಲ. ಅದೇ ಸಾಲಿನ ಮಧ್ಯದಲ್ಲಿ ಒಂದು ಹಳೇ ವೈನ್ ತಳಿ ಇದೆಯಲ್ಲ, ಎರಡು ಬಳ್ಳಿ? ಅದೂ ಇದೂ ಒಂದೇ.”

“ಒಂದೇ ಅಂದ್ರೆ?”

“ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

ಅವಳಿಗೆ ನಿಯಮ ಗೊತ್ತಿತ್ತು. ಒಂದೇ ತಳಿ ಎರಡು ಹೆಸರಲ್ಲಿ ಇದ್ದರೆ ಒಂದನ್ನು ಕಿತ್ತು ಜಾಗ ಬಿಡಿಸುತ್ತಾರೆ. ಎಷ್ಟೋ ಸಲ ಅವಳೇ ಕಿತ್ತಿದ್ದಳು. “ಯಾವಾಗ ಕೀಳ್ಬೇಕು ಮೇಡಂ?” ಎಂದಳು.

“ಅಯ್ಯೋ, ಪೂರ್ತಿ ಕೇಳಿ. ಕೀಳ್ಬೇಕಾಗಿರೋದು ಆ ಎರಡನ್ನ. ಅವಕ್ಕೆ ನಂಜುರೋಗ ಹತ್ತಿದೆ. ಈ ತಳೀನ ಈಗ ಯಾರೂ ಬೆಳೀತಿಲ್ಲ, ಎಲ್ಲ ಕಡೆ ವಿಚಾರಿಸಿದೆ. ಆರೋಗ್ಯವಾಗಿ ಉಳಿದಿರೋದು ನಿಮ್ಮದೊಂದೇ. ಇನ್ಮೇಲೆ ತಳಿ ಉಳಿಯೋದು ಅದರಿಂದಾನೇ.” ಮೇಡಂ ಸೇರಿಸಿದರು, “ಆದ್ರೆ ಹೆಸರು ಬದಲಾಯಿಸ್ಬೇಕಾಗತ್ತೆ ಅಕ್ಕ. ಹಳೇ ಹೆಸರೇ ಇಡ್ಬೇಕು.”

“ಸರಿ ಮೇಡಂ.”

ರೋಗದ ಬಳ್ಳಿಗಳನ್ನು ಕಿತ್ತು ಸುಡುವುದು ಅವಳ ಪಾಲಿಗೇ ಬಂತು. ಅವೆರಡರ ಎಲೆ ಪ್ರತಿ ವರ್ಷ ಎಲ್ಲಕ್ಕಿಂತ ಮೊದಲೇ ಕೆಂಪಗಾಗುತ್ತಿತ್ತು. ಎಷ್ಟು ಚಂದ ಎಂದುಕೊಂಡು ಅವಳು ಹಾದಿ ಬಳಸಿಯಾದರೂ ಅಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಆ ಚಂದವೇ ರೋಗವಾಗಿತ್ತು. ಬೆಂಕಿ ಆರುವವರೆಗೆ ಕಾಯಬೇಕಿತ್ತು, ಕಾದಳು. ಇದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು. ‘ದೊಡ್ಡಮ್ಮ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ’ ಎಂದರೆ ಅರ್ಥವಾಗುವವರು ಯಾರಿದ್ದಾರೆ? ಸಂಜೆ ಕೈ ತೊಳೆದು ಅಣ್ಣನಿಗೆ ಫೋನ್ ಮಾಡಿದಳು.

“ನಾನಣ್ಣ.”

“ನಾನು ಅಂದ್ರೆ ಯಾರು?”

ಅವಳು ಹೆಸರು ಹೇಳಬೇಕಾಯಿತು. ಅವನು ಗಾಬರಿಯಾದ. “ಏನಾಯ್ತಮ್ಮಾ? ಯಾರಿಗೆ ಏನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಆಗೋಕೆ ಇಲ್ಲಿ ಯಾರಿದಾರೆ?” ಎಂದು ಬಳ್ಳಿಯ ಕಥೆ ಹೇಳಿದಳು. ಅವನು ಜೋರಾಗಿ ನಗತೊಡಗಿದ.

“ಪ್ರಪಂಚದಲ್ಲಿ ಇದೊಂದೇನಾ? ಅಮ್ಮ ಹಾಗಂದ್ಲಾ? ಅದು ಗಿಡ ಮಾರೋನ ಗಾಡೀದು ಕಣೇ. ನಾನೇ ಹೊತ್ಕೊಂಡು ಬಂದಿದ್ದು. ಅಂಥವು ಗಾಡಿ ತುಂಬ ಇದ್ವು!”

“ಯಾವಾಗ?”

“ನೀನು ಬಂದ ಮೇಲೆ. ನಿನಗೆ ನೆನಪಿಲ್ವಾ? ಊಟ ಇಲ್ಲ, ಮಾತಿಲ್ಲ, ಬಾಗಿಲ ಹಿಂದೆ ಗುಮ್ಮನ ಹಾಗೆ ನಿಂತಿರ್ತಿದ್ದೆ. ಅಮ್ಮ ಏನೇನೋ ಮಾಡಿದ್ಲು. ಕೊನೆಗೆ ಆ ಗಿಡ ತಂದಳು. ಆಮೇಲೆ ನೀನು ಹಿತ್ತಲಿಗೆ ಓಡೋಕೆ ಶುರು ಮಾಡಿದೆ. ನಾನು ನೀರು ಹಾಕೋಕೆ ಹೋದ್ರೆ ‘ಮುಟ್ಬೇಡ, ಅದು ಅವಳ ಕೆಲಸ’ ಅಂತ ಬೈತಿದ್ಲು.”

ಆ ಮನೆಗೆ ತನಗಿಂತ ಮೊದಲೇ ಬಳ್ಳಿ ಬಂದಿತ್ತೆಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಆ ಕಡೆ ಅವನ ನಗು ನಿಂತಿತ್ತು.

“ನನಗೆ ಅಂಥದ್ದೊಂದು ಸುಳ್ಳು ಅಮ್ಮ ಯಾವತ್ತೂ ಹೇಳ್ಲಿಲ್ಲ ನೋಡು,” ಎಂದ. ತಮಾಷೆಗೆ ಎಂಬಂತೆ ಹೇಳಿದ, ಆದರೆ ದನಿ ತಮಾಷೆಯದಾಗಿರಲಿಲ್ಲ. “ಒಂದ್ಸಲ ಬಾರೇ ಮನೆಗೆ.”

“ಸವರೋ ಕೆಲಸ ಮುಗೀಲಿ, ಬರ್ತೀನಿ.”

ಮರುದಿನ ಅವಳೇ ತಗಡು ಬಿಚ್ಚಿ ಕೊಟ್ಟಳು. ಬೇಕಿದ್ದರೆ ಇಟ್ಟುಕೊಳ್ಳಿ ಎಂದರು ಮೇಡಂ. ತಗಡು ಯಾಕೆ ದಂಡ ಎಂದು ಅವಳು ಅದರ ಹಿಂಬದಿಗೇ ತಳಿಯ ಹಳೇ ಹೆಸರು ಕೊರೆಸಿ ಕಟ್ಟಿದಳು. ಆ ಬಳ್ಳಿಯಿಂದ ಕಡ್ಡಿ ತೆಗೆದು ಗಟ್ಟಿ ಬೇರಿನ ಬೇರೆ ದ್ರಾಕ್ಷಿ ಗಿಡಗಳಿಗೆ ಕಸಿ ಕಟ್ಟಿದಳು. ಕೆಲವು ದೂರದ ಇನ್ನೊಂದು ತಳಿತೋಟಕ್ಕೆ ಹೋದವು. ಹಾಗೆ ಆ ತಳಿ ಉಳಿಯಿತು.

ಸವರುವ ಕೆಲಸ ಮುಗಿದ ವಾರ ಅವಳು ಅಣ್ಣನ ಮನೆಗೆ ಹೋದಳು. ಅತ್ತಿಗೆ ಬಲವಂತ ಮಾಡಿ ಬಡಿಸಿದಳು. ಅಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು, ನಗುವಾಗ ಥೇಟ್ ದೊಡ್ಡಮ್ಮನೇ. ಸೈಕಲ್ ಅಂಗಡಿಯವನ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡಿದರು. ಆಮೇಲೆ ಮಾತು ಮುಗಿದು ಮೂವರೂ ಟಿವಿ ನೋಡುತ್ತ ಕೂತರು. ಇನ್ನೊಂದು ದಿನ ಇರು ಎಂದ ಅಣ್ಣ. ಕೆಲಸವಿದೆ ಎಂದಳು. ಕೆಲಸವೇನೂ ಇರಲಿಲ್ಲ.

ಬಸ್ ನಿಲ್ದಾಣಕ್ಕೆ ಅವನೂ ಬಂದ. ಅವಳು ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಬಸ್ಸು ಹೊರಟಾಗ ಅವನು ಕೈ ಬೀಸಿದ, ಆದರೆ ಮುಂದಿನ ಯಾವುದೋ ಕಿಟಕಿಯ ಕಡೆಗೆ, ಅಲ್ಲಿ ಕೂತವಳೇ ಅವಳೆಂದುಕೊಂಡು. ಅವಳು ಇಲ್ಲಿಂದಲೇ ಕೈ ಎತ್ತಿದಳು.