ಹಿತ್ತಲ ಗೋಡೆಯ ಕಿರುಬಾಗಿಲು

ದೊಡ್ಡಪ್ಪ ತೀರಿಕೊಂಡಾಗ ಕುಷ್ಟಗಿಯ ಅವನ ಮನೆ ಮಾರುವ ಹೊಣೆ ನನ್ನ ಕೊರಳಿಗೆ ಬಿತ್ತು. ನಿಜಾಮರ ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲಿ. ಮನೆತನದಲ್ಲಿ ಉರ್ದು ಬಲ್ಲವನು ನಾನೊಬ್ಬನೇ. ಅಷ್ಟಕ್ಕೇ ಮೃತ್ಯುಪತ್ರದಲ್ಲಿ ನನ್ನ ಹೆಸರು ಬರೆಸಿ ಹೋಗಿದ್ದ. ಒಳ್ಳೆಯ ಬೆಲೆಗೆ ಮಾರಿ ಇಬ್ಬರು ಹೆಣ್ಣುಮಕ್ಕಳಿಗೆ ಸಮನಾಗಿ ಹಂಚಬೇಕು, ಇಷ್ಟೇ ಬರಹ. ಮೂರು ದಿನದಲ್ಲಿ ಮುಗಿಸಿ ಕೊಪ್ಪಳಕ್ಕೆ ಮರಳುತ್ತೇನೆಂದು ಹೊರಟವನು ಮೂರು ತಿಂಗಳು ಅಲ್ಲೇ ಕೊಳೆತೆ.

ಹಿತ್ತಲಲ್ಲಿ ಸಿಹಿನೀರಿನ ಬಾವಿ. ಓಣಿಯ ಉಳಿದ ಬಾವಿಗಳದು ಸವಳು ನೀರು, ಬೇಳೆ ಸಹ ಬೇಯದು. ಹಾಗಾಗಿ ದೊಡ್ಡಪ್ಪ ಮಗ್ಗುಲ ಮನೆಯವರಿಗೆಂದು ಹಿತ್ತಲ ಗೋಡೆಯಲ್ಲಿ ಕಿರುಬಾಗಿಲು ಇಡಿಸಿದ್ದ. ಅವರು ಮುಸಲ್ಮಾನರು; ಮುದುಕಿ, ಗೋಡೆ ಕಟ್ಟುವ ಗೌಂಡಿ ಕೆಲಸದ ಮಗ, ಸೊಸೆ. ಮೂವತ್ತು ವರ್ಷ ಆ ಬಾಗಿಲಿಗೆ ಚಿಲಕವಿರಲಿಲ್ಲ. ಮೃತ್ಯುಪತ್ರದಲ್ಲಿ ಅದರ ಮಾತೇ ಇಲ್ಲ.

ಕೊನೆಗೆ ಸಿಕ್ಕ ಗಿರಾಕಿ ಗಂಗಾವತಿಯ ಭತ್ತದ ವ್ಯಾಪಾರಿ. “ಮನಿ ಛಲೋ ಐತ್ರಿ. ಆ ಬಾಗಿಲಾ ಮುಚ್ಚಿಸಿ ಕೊಡ್ರಿ, ಇಲ್ಲಂದ್ರ ನಮಗ ಬ್ಯಾಡ,” ಎಂದ.

ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಯಲಬುರ್ಗಿಗೆ ಹೋಗಿ ಹಿರಿಯ ಅಕ್ಕನಿಗೆ, ದೊಡ್ಡಪ್ಪನ ದೊಡ್ಡ ಮಗಳಿಗೆ, ವಿಷಯ ತಿಳಿಸಿದೆ. ಅವಳು ಅಕ್ಕಿ ಆರಿಸುತ್ತ ತಲೆ ಎತ್ತದೆ ಹೇಳಿದಳು, “ತಮ್ಮಾ, ಧರ್ಮ ಮಾಡೂದಿದ್ರ ನಿನ್ನ ಮನ್ಯಾಗ ಮಾಡು. ರೊಕ್ಕಿಲ್ದ ನನ್ನ ಮಗಳ ಲಗ್ನ ನಿಂತೈತಿ.”

ಅವಳ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಬಾಗಿಲು ಮುಚ್ಚುವ ಸುದ್ದಿಯನ್ನು ನೆರೆಯ ಮುದುಕಿಗೆ ನಾನೇ ಹೇಳುವುದು ಸರಿಯೆಂದು ಎರಡು ಸಲ ಆ ಬಾಗಿಲವರೆಗೆ ಹೋದೆ, ಎರಡು ಸಲವೂ ಬಾವಿಯೊಳಗೆ ಇಣುಕಿ ತಿರುಗಿ ಬಂದೆ. ಹೇಡಿತನ, ಬೇರೇನಲ್ಲ. ಮೂರನೆಯ ಸಲ, ದಾರಿಯಲ್ಲಿ ಹೊರಟಿದ್ದವನೊಬ್ಬನನ್ನು ಕೂಗಿ, “ಯಾರರೆ ಗೌಂಡಿ ಸಿಕ್ರ ಕರಕೊಂಡ ಬಾ,” ಎಂದು ಕಳಿಸಿಬಿಟ್ಟೆ. ಆ ಮಹಾರಾಯ ದೂರವೇಕೆ ಹೋದಾನು? ಮಗ್ಗುಲ ಮನೆಯ ಮಗನನ್ನೇ ಕರೆತಂದ. ಗಡಿಬಿಡಿಯಲ್ಲಿ ನನಗದು ಹೊಳೆದೇ ಇರಲಿಲ್ಲ.

ಅವನು ಬಾಗಿಲು ನೋಡಿದ, ನನ್ನನ್ನು ನೋಡಿದ. ನಾನು ಕಾರಣ ಹೇಳಿದೆ. ತೊದಲಿದೆ ಎನ್ನುವುದೇ ಸರಿ. ಅವನು ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ನನಗೆ ಹಗುರಾಗುತ್ತಿತ್ತು.

“ಯಾವ ಕಡಿ ನಿಂತು ಕಟ್ಟಲ್ರಿ?” ಎಂದ.

“ನಿನ್ನ ಮನಿ ಕಡಿನ ನಿಂತ್ರ ನಿನಗ ಸಲೀಸು.”

“ಅಲ್ಲಿ ಅಮ್ಮಾ ಅದಾಳ್ರಿ. ಈ ಕಡಿನ ನಿಲ್ತೀನಿ.”

ಬಾವಿಯ ನೀರು ಸೇದಿ ಕೆಸರು ಕಲಸಿದ. ಕಲ್ಲಿನ ಮೇಲೆ ಕಲ್ಲು ಏರಿತು. ಅತ್ತ ಕಡೆ ಬಳೆಯ ಸಪ್ಪಳ ಕೇಳಿಸುತ್ತಿತ್ತು. ನಾನು ಹಿತ್ತಲಿಗೂ ಪಡಸಾಲೆಗೂ ಅಡ್ಡಾಡಿ ಕಾಲು ಸವೆಸಿದೆ. ಸಂಜೆಗೆ ಕೆಲಸ ಮುಗಿಯಿತು. ಕೈ ತೊಳೆದುಕೊಂಡು, ಮೂಲೆಯಲ್ಲಿದ್ದ ಅವರದೇ ಮನೆಯ ಕೊಡ ಎತ್ತಿಕೊಂಡು ನನ್ನೆದುರು ನಿಂತ.

“ಒಂದ್ ಕೊಡ ತುಂಬಕೊಳ್ಳಲೇನ್ರಿ?”

ಮೂವತ್ತು ವರ್ಷದಲ್ಲಿ ಆ ಮನೆಯವರು ಕೇಳಿ ನೀರು ತುಂಬಿದ್ದು ಅಂದೇ ಮೊದಲು.