ಪ್ಯಾನೆಲ್ ಮೇಲಿನ ಹಪ್ಪಳ

ನನಗೆ ಬಾಯಿ ಸ್ವಲ್ಪ ಜಾಸ್ತಿ. ಮೊದಲೆಲ್ಲ ಇದನ್ನು ನಗುತ್ತಾ ಹೇಳಿಕೊಳ್ಳುತ್ತಿದ್ದೆ. ಹೋದ ಬೇಸಿಗೆಯಿಂದ ಹಾಗೆ ಹೇಳಲು ನಾಚಿಕೆಯಾಗುತ್ತದೆ.

ನಮ್ಮ ಮನೆ ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ. ಗಂಡ ದುಬೈಯಲ್ಲಿ, ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆಗೆ ಉಬ್ಬಸ. ಅದು ಜೋರಾದಾಗ ಮೂಗಿಗೆ ಮಾಸ್ಕ್ ಹಿಡಿದು ಔಷಧಿ ಎಳೆದುಕೊಳ್ಳುವ ಮಿಷನ್ ಬೇಕೇ ಬೇಕು. ಮಿಷನ್‌ಗೆ ಕರೆಂಟ್ ಬೇಕು. ನಮ್ಮಲ್ಲಿ ಒಂದು ಗುಡುಗು ಕೇಳಿದರೆ ಸಾಕು, ಕರೆಂಟ್ ಮಾಯ. ಮೆಲ್ಕಾರಿನಲ್ಲಿ ವಯರಿಂಗ್ ಕೆಲಸ ಮಾಡುವ ಮೈದುನ ತಾನೇ ಬಂದು ತಾರಸಿಯಲ್ಲಿ ಸಣ್ಣದೊಂದು ಸೋಲಾರ್ ಪ್ಯಾನೆಲ್, ಕೆಳಗೆ ಬ್ಯಾಟರಿ, ಇನ್ವರ್ಟರ್ ಕೂರಿಸಿಕೊಟ್ಟ.

"ಅತ್ತಿಗೆ, ಇದು ಅಮ್ಮನ ಮಿಷನ್‌ಗೆ, ಮತ್ತೆ ಒಂದು ಲೈಟಿಗೆ ಮಾತ್ರ. ಟಿವಿಗಿವಿ ಹಾಕ್ಬೇಡಿ ಆಯ್ತಾ?" ಎಂದ. ನಾನು ಟಿವಿ ಹಾಕಲಿಲ್ಲ.

ಅದು ಹಲಸಿನ ಹಪ್ಪಳದ ಕಾಲ. ತಾರಸಿಯಲ್ಲಿ ಚಾಪೆ ಹಾಸಿದರೆ ಕೋಳಿಗಳ ಕಾಟ. ಪ್ಯಾನೆಲ್ ನೋಡಿದರೆ ಎತ್ತರದಲ್ಲಿದೆ, ಗಾಜು ದೋಸೆ ಕಾವಲಿಯ ಹಾಗೆ ಕಾದಿದೆ. ಹಳೆಯ ಪಂಚೆಯನ್ನು ಹಾಸಿ, ಕ್ಲಿಪ್ ಸಿಕ್ಕಿಸಿ, ಹಪ್ಪಳ ಹರಡಿದೆ. ಒಂದೇ ಬಿಸಿಲಿಗೆ ಗರಿಗರಿ! ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಮರುದಿನವೂ ಹಾಕಿದೆ, ಅದರ ಮರುದಿನವೂ.

"ಅದರ ಮೇಲೆ ಬೇಡ ಮಾರಾಯ್ತಿ," ಎಂದರು ಅತ್ತೆ.

"ಬಟ್ಟೆ ತೆಳು ಉಂಟು ಅತ್ತೆ. ಗಾಜು ಮುಟ್ಟಿ ನೋಡಿ, ಸುಡ್ತದೆ. ಚಾರ್ಜ್ ಆಗದೆ ಎಲ್ಲಿಗೆ ಹೋಗ್ತದೆ?" ಎಂದು ಅವರ ಬಾಯಿ ಮುಚ್ಚಿಸಿದೆ. ಬಿಸಿಯಾದರೆ ಚಾರ್ಜ್ ಆಗುತ್ತದೆ ಎಂದೇ ನಾನು ತಿಳಿದಿದ್ದೆ.

ಮೂರನೇ ದಿನ ಸಂಜೆ ಗುಡುಗು ಸಮೇತ ಮಳೆ ಬಂತು, ಕರೆಂಟ್ ಹೋಯಿತು, ಅತ್ತೆಗೆ ಉಬ್ಬಸ ಎದ್ದಿತು. ಮಿಷನ್ ಹಾಕಿದೆ. ಒಮ್ಮೆ ಗುರ್ರೆಂದು ನಿಂತೇ ಹೋಯಿತು. ಅತ್ತೆ ಕಿಟಕಿಯ ಸರಳು ಹಿಡಿದು ಉಸಿರಿಗಾಗಿ ಒದ್ದಾಡುತ್ತಿದ್ದರು. ಮೈದುನನಿಗೆ ಫೋನ್ ಹಚ್ಚಿ ಬಾಯಿಗೆ ಬಂದ ಹಾಗೆ ಬೈದೆ.

"ಹೆತ್ತ ತಾಯಿಗೇ ಹಾಳು ಬ್ಯಾಟರಿ ಹಾಕಿ ಹೋಗಿದ್ದೀಯಲ್ಲ, ಮನುಷ್ಯನಾ ನೀನು?"

ಅತ್ತೆ ಬೆರಳೆತ್ತಿ ಮೇಲೆ ತೋರಿಸುತ್ತಿದ್ದರು. ದೇವರೇ ಗತಿ ಎನ್ನುತ್ತಿದ್ದಾರೆ ಎಂದುಕೊಂಡು ನಾನು ಇನ್ನೂ ಜೋರಾಗಿ ಬೈದೆ.

ನಮ್ಮ ಪುಣ್ಯ, ಅಷ್ಟರಲ್ಲಿ ಕರೆಂಟ್ ಬಂತು. ಮಿಷನ್ ಓಡಿತು, ಅತ್ತೆಯ ಉಸಿರು ನಿಧಾನಕ್ಕೆ ಹಿಡಿತಕ್ಕೆ ಬಂತು. ಮೈದುನ ಮಳೆಯಲ್ಲೇ ಬೈಕ್ ಓಡಿಸಿಕೊಂಡು ಬಂದ. ತಾಯಿಯ ಬೆನ್ನು ಸವರಿ, ಬ್ಯಾಟರಿ ನೋಡಿ, ಟಾರ್ಚ್ ಹಿಡಿದು ತಾರಸಿಗೆ ಹೋದ. ಇಳಿದು ಬರುವಾಗ ಕೈಯಲ್ಲಿ ಒದ್ದೆ ಪಂಚೆಯ ಮುದ್ದೆ. ಅದರಿಂದ ಹಪ್ಪಳದ ಹಿಟ್ಟು ತೊಟ್ಟಿಕ್ಕುತ್ತಿತ್ತು.

"ಯಾರು ಇದನ್ನು ಪ್ಯಾನೆಲ್ ಮೇಲೆ ಹಾಕಿದ್ದು? ಬಿಸಿಲೇ ಬೀಳದೆ ಬ್ಯಾಟರಿ ಚಾರ್ಜ್ ಆಗುವುದು ಹೇಗೆ?" ಎಂದ.

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಾಸ್ಕ್ ಸರಿಸಿದರು. "ನಾನೇ ಮಗಾ. ಗೊತ್ತಾಗ್ಲಿಲ್ಲ."

"ನಿಮ್ಮ ಉಸಿರಿಗೆ ಅಂತ ಮಾಡಿದ್ದಲ್ವಾ ಅಮ್ಮ ಇದು? ಹಪ್ಪಳ ದೊಡ್ಡದಾಯ್ತಾ ನಿಮಗೆ?" ಎಂದು ಅವನು ಗದರಿದ. ಅತ್ತೆ ತಲೆ ತಗ್ಗಿಸಿ ಕುಳಿತರು.

ನಾನು ಸುಮ್ಮನಾದರೂ ಇರಬಹುದಿತ್ತು. "ಎಷ್ಟು ಸಲ ಹೇಳಿದ್ದೇನೆ ಇವರಿಗೆ, ಕೇಳಿದರೆ ತಾನೇ," ಎಂದೆ.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಹೌದು, ಇವಳು ಹೇಳಿದ್ಲು. ನಾನೇ ಕೇಳ್ಲಿಲ್ಲ," ಎಂದರು.